ಹಾಲು ಕೆಡದಂತೆ ಕಾಯುವ ಕಸುಬು: ರೆಫ್ರಿಜರೇಷನ್ ಮೆಕ್ಯಾನಿಕ್ ಆಗಲು ಯಾವ ಕ್ರಮದಲ್ಲಿ ಕಲಿಯಬೇಕು?

ಎಸ್ಸೆಸ್ಸೆಲ್ಸಿ ಮುಗಿಸಿದ ಮಗನೋ ಮಗಳೋ ಮನೆಯಲ್ಲಿದ್ದು, ಮುಂದೇನು ಅಂತ ಯೋಚಿಸ್ತಾ ಇದ್ದರೆ ಈ ವಾರದ ಪಾಠ ಅವರಿಗೆ. ಐಟಿಐ ಅಂದ ಕೂಡಲೇ ಎಲ್ಲರೂ ಫಿಟ್ಟರ್, ಎಲೆಕ್ಟ್ರಿಷಿಯನ್ ಬಗ್ಗೆ ವಿಚಾರಿಸ್ತಾರೆ. ರೆಫ್ರಿಜರೇಷನ್ ಬಗ್ಗೆ ಕೇಳುವವರು ಕಡಿಮೆ. ಅದು ಪಟ್ಟಣದಲ್ಲಿ ಏಸಿ ರಿಪೇರಿ ಮಾಡುವ ಕೆಲಸ, ನಮ್ಮೂರಿಗೂ ಅದಕ್ಕೂ ಏನು ಸಂಬಂಧ ಅನ್ನೋ ಭಾವನೆ ಇದೆ.

ಆದರೆ ತಣ್ಣಗಿರದಿದ್ದರೆ ಕೆಡುವ ಸರಕು ಹೆಚ್ಚಾಗಿ ಹುಟ್ಟುವುದೇ ಹಳ್ಳಿಯಲ್ಲಿ. ಅದನ್ನು ಕಾಯುವ ಯಂತ್ರಗಳೂ ಈಗ ಹಳ್ಳಿಗೆ ಬಂದಿವೆ. ಬಾರದೆ ಇರುವುದು ಅವುಗಳನ್ನು ದುರಸ್ತಿ ಮಾಡುವ ಕೈ. ರಾತ್ರಿ ಯಂತ್ರ ನಿಂತರೆ ತಾಲ್ಲೂಕು ಕೇಂದ್ರದಿಂದಲೋ ಜಿಲ್ಲಾ ಕೇಂದ್ರದಿಂದಲೋ ಮೆಕ್ಯಾನಿಕ್ ಬರುವ ಹೊತ್ತಿಗೆ ಆಗಬೇಕಾದ ನಷ್ಟ ಆಗಿರುತ್ತದೆ. ಆ ಕೈ ಊರಿನ ಹುಡುಗ ಹುಡುಗಿಯರದ್ದೇ ಆಗಬಹುದು, ಅದಕ್ಕೆ ದೊಡ್ಡ ಓದೂ ಬೇಕಿಲ್ಲ. ಆದರೆ ಕಲಿಯುವ ಕ್ರಮ ಸರಿ ಇರಬೇಕು. ಮೊದಲು ಶಾಖ, ಆಮೇಲೆ ಕರೆಂಟು, ಆಮೇಲೆ ಕೊಳವೆ, ಕಡೆಗೆ ಗ್ಯಾಸ್. ಬಹಳ ಜನ ಇದನ್ನು ತಿರುಗುಮುರುಗಾಗಿ ಕಲಿಯುತ್ತಾರೆ. ಗ್ಯಾಸ್ ತುಂಬಿಸುವುದನ್ನು ಮೊದಲು ಕಲಿತು ಅಲ್ಲಿಗೇ ನಿಲ್ಲುತ್ತಾರೆ. ಅದರ ದಂಡವನ್ನು ಕಟ್ಟುವವರು ರೈತರು.

ಊರಿನಲ್ಲಿ ಕೆಲಸ ಎಲ್ಲೆಲ್ಲಿದೆ?

ಕರೆದ ಹಾಲಿನ ಬಿಸಿ ಹಸುವಿನ ಮೈ ಬಿಸಿಯಷ್ಟೇ ಇರುತ್ತದೆ. ಸಂಘಕ್ಕೆ ಬರುವ ಹೊತ್ತಿಗೆ ಸುಮಾರು 35 ಡಿಗ್ರಿ. ಆ ಬಿಸಿಯಲ್ಲಿ ಹಾಲಿನೊಳಗಿನ ಸೂಕ್ಷ್ಮಜೀವಿಗಳು ಅರ್ಧ ಗಂಟೆಗೊಮ್ಮೆ, ಕೆಲವು ಇನ್ನೂ ಬೇಗ, ದುಪ್ಪಟ್ಟಾಗುತ್ತವೆ. 4 ಡಿಗ್ರಿಗೆ ಇಳಿಸಿದರೆ ಅವುಗಳ ಬೆಳವಣಿಗೆ ತೀರಾ ನಿಧಾನವಾಗುತ್ತದೆ. ಅದಕ್ಕೇ ಸಂಘಗಳಲ್ಲಿ ಬಲ್ಕ್ ಮಿಲ್ಕ್ ಕೂಲರ್, ಅಂದರೆ ಬಿಎಂಸಿ, ಕೂರಿಸಿರುವುದು. ಸುತ್ತಲಿನ ನಾಲ್ಕೈದು ಊರುಗಳ ಹಾಲು ಒಂದೇ ಟ್ಯಾಂಕಿಗೆ ಬೀಳುತ್ತದೆ. ಆ ಯಂತ್ರ ಕೈಕೊಟ್ಟರೆ ಒಬ್ಬರ ಹಾಲು ಮಾತ್ರವಲ್ಲ, ಎಲ್ಲರ ಹಾಲೂ ಹುಳಿಯಾಗುತ್ತದೆ.

ಬ್ಯಾಡಗಿ ಸುತ್ತಮುತ್ತ ಮೆಣಸಿನಕಾಯಿಗೆ ಕೋಲ್ಡ್ ಸ್ಟೋರೇಜುಗಳಿವೆ. ಬೆಲೆ ಬರುವವರೆಗೆ ಬಣ್ಣ ಮಾಸದಂತೆ, ಹುಳ ಹಿಡಿಯದಂತೆ ಇಡುವುದು ಅಲ್ಲಿಯೇ. ವಿಜಯಪುರದ ಕಡೆ ಒಣದ್ರಾಕ್ಷಿಗೂ ಹೀಗೇ. ಹಾಸನದ ಆಲೂಗಡ್ಡೆ ಬೆಳೆಗಾರರಿಗೆ ಬರುವ ಬಿತ್ತನೆ ಗಡ್ಡೆ 2ರಿಂದ 4 ಡಿಗ್ರಿಯಲ್ಲಿ ಇದ್ದು ಬಂದರೆ ಮಾತ್ರ ಹೊತ್ತಿಗೆ ಮುಂಚೆ ಮೊಳೆಯುವುದಿಲ್ಲ. ಬೆಂಗಳೂರು ಗ್ರಾಮಾಂತರದ ಗುಲಾಬಿ ತೋಟಗಳಲ್ಲಿ ಹೂ ಕೊಯ್ದ ಕೂಡಲೇ ತಣ್ಣನೆಯ ಕೋಣೆಗೆ ಹೋಗಬೇಕು. ಅಣಬೆ ಶೆಡ್ಡು, ಕೋಳಿ ಫಾರಂ, ಐಸ್ ಕ್ಯಾಂಡಿ ಘಟಕ, ಕರಾವಳಿಯ ಮೀನಿನ ಐಸ್ ಪ್ಲಾಂಟ್ ಇವೆಲ್ಲ ಇವೆ. ಪಶು ಆಸ್ಪತ್ರೆಯ ಫ್ರಿಜ್ಜಿನಲ್ಲಿರುವ ಕಾಲುಬಾಯಿ ರೋಗದ ಲಸಿಕೆ 2ರಿಂದ 8 ಡಿಗ್ರಿಯೊಳಗೇ ಇರಬೇಕು. ಅದು ಬಿಸಿಯಾದರೆ ನೋಡೋಕೆ ಏನೂ ಗೊತ್ತಾಗುವುದಿಲ್ಲ. ದನಕ್ಕೆ ಸೂಜಿ ಚುಚ್ಚಿದ್ದೂ ಆಗುತ್ತದೆ, ರೋಗ ಬರುವುದೂ ತಪ್ಪುವುದಿಲ್ಲ.

ಮೊದಲ ಪಾಠ: ತಂಪು ಅನ್ನೋ ವಸ್ತುವೇ ಇಲ್ಲ

ಈ ಕಸುಬಿನ ಬುನಾದಿ ಇಷ್ಟೇ: ಯಾವ ಯಂತ್ರವೂ ತಂಪನ್ನು ಉತ್ಪಾದನೆ ಮಾಡುವುದಿಲ್ಲ. ಒಂದು ಕಡೆಯ ಶಾಖವನ್ನು ಹೊತ್ತು ಇನ್ನೊಂದು ಕಡೆ ಚೆಲ್ಲುತ್ತದೆ. ಫ್ರಿಜ್ಜಿನ ಹಿಂಬದಿ ಬಿಸಿ ಇರುವುದು ಅದಕ್ಕೇ.

ಬೇಸಿಗೆಯ ಮಣ್ಣಿನ ಮಡಕೆ ನೆನಪಿಸಿಕೊಳ್ಳಿ. ಮಡಕೆಯ ಮೈಯಿಂದ ನೀರು ಜಿನುಗಿ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ, ಹಾಗಾಗಿ ಒಳಗಿನ ನೀರು ತಣ್ಣಗಾಗುತ್ತದೆ. ಫ್ರಿಜ್, ಏಸಿ, ಬಿಎಂಸಿ ಮಾಡುವುದೂ ಇದನ್ನೇ. ನೀರಿನ ಬದಲು ಇನ್ನೂ ಸುಲಭವಾಗಿ ಕುದಿಯುವ ದ್ರವ ಬಳಸುತ್ತವೆ, ಅದೇ ನಾವು ಗ್ಯಾಸ್ ಅನ್ನೋದು. ಬಯಲಲ್ಲಿ ಬಿಟ್ಟರೆ ಆರ್-134ಎ ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ, ಅಮೋನಿಯಾ ಮೈನಸ್ 33ರಲ್ಲಿ, ಆರ್-22 ಮೈನಸ್ 41ರ ಹತ್ತಿರ.

ಎರಡನೆಯ ಗುಟ್ಟು ಕುಕ್ಕರಿನಲ್ಲಿದೆ. ಒತ್ತಡ ಹೆಚ್ಚಿದರೆ ನೀರು 100ರ ಬದಲು 120 ಡಿಗ್ರಿಯ ಹತ್ತಿರ ಕುದಿಯುತ್ತದೆ. ಒತ್ತಡ ಕಡಿಮೆಯಾದರೆ ಬೇಗ ಕುದಿಯುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಅಂದರೆ ಒತ್ತಡವನ್ನು ಏರಿಸಿ ಇಳಿಸಿ ಮಾಡಿದರೆ, ಒಂದು ದ್ರವ ಎಷ್ಟು ಡಿಗ್ರಿಯಲ್ಲಿ ಕುದಿಯಬೇಕು ಎಂಬುದನ್ನು ನಾವೇ ನಿಗದಿ ಮಾಡಬಹುದು.

ಈಗ ನಾಲ್ಕು ಭಾಗಗಳು ಅರ್ಥವಾಗುತ್ತವೆ.

1. ಇವಾಪೊರೇಟರ್: ಹಾಲಿನ ಟ್ಯಾಂಕಿನ ತಳಕ್ಕೆ ಅಂಟಿಕೊಂಡ ಭಾಗ. ಇಲ್ಲಿ ಒತ್ತಡ ಕಡಿಮೆ. ಗ್ಯಾಸ್ ಇಲ್ಲಿ ಕುದಿದು ಹಾಲಿನ ಶಾಖ ಹೀರುತ್ತದೆ.
2. ಕಂಪ್ರೆಸರ್: ಆ ಆವಿಯನ್ನು ಎಳೆದು ಒತ್ತಡ ಏರಿಸುತ್ತದೆ. ಒತ್ತಡದ ಜೊತೆ ಬಿಸಿಯೂ ಏರುತ್ತದೆ.
3. ಕಂಡೆನ್ಸರ್: ಫ್ಯಾನಿನ ಎದುರಿಗಿರುವ ಜಾಲರಿ. ಇಲ್ಲಿ ಶಾಖವನ್ನು ಹೊರಗಿನ ಗಾಳಿಗೆ ಚೆಲ್ಲಿ ಆವಿ ಮತ್ತೆ ದ್ರವವಾಗುತ್ತದೆ.
4. ಕ್ಯಾಪಿಲರಿ ಕೊಳವೆ ಅಥವಾ ಎಕ್ಸ್‌ಪ್ಯಾನ್ಷನ್ ವಾಲ್ವ್: ಸಣ್ಣ ಕಿಂಡಿ. ಇದನ್ನು ದಾಟಿದ ದ್ರವದ ಒತ್ತಡ ಇಳಿದು ಮತ್ತೆ ಕುದಿಯಲು ಸಿದ್ಧವಾಗುತ್ತದೆ.

ಕಂಡೆನ್ಸರ್ ಹೊರಗಿನ ಗಾಳಿಗಿಂತ ಬಿಸಿ ಇದ್ದರೆ ಮಾತ್ರ ಶಾಖ ಹೊರಗೆ ಹೋಗುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹೊರಗೆ 42 ಡಿಗ್ರಿ ಇದ್ದರೆ ಒಳಗೆ ಗ್ಯಾಸ್ 55 ಡಿಗ್ರಿಯ ಆಸುಪಾಸು ಇರಬೇಕಾಗುತ್ತದೆ. ಜಾಲರಿಯಲ್ಲಿ ಹೊಟ್ಟು, ಧೂಳು, ಮೇವಿನ ಪುಡಿ ಕಟ್ಟಿಕೊಂಡರೆ ಇನ್ನೂ ಮೇಲೆ ಹೋಗುತ್ತದೆ. ಕಂಪ್ರೆಸರ್ ಏದುಸಿರು ಬಿಡುತ್ತದೆ, ಕರೆಂಟ್ ಬಿಲ್ಲು ಏರುತ್ತದೆ, ತಂಪು ಇಳಿಯುತ್ತದೆ. ಹಳ್ಳಿಯಲ್ಲಿ ಎಷ್ಟೋ ಯಂತ್ರಗಳ ರೋಗ ಇದೇ. ಔಷಧಿ ಒಂದು ಬ್ರಷ್ಷು, ಒಂದು ಬ್ಲೋಯರ್.

ಒಂದು ಲೆಕ್ಕ: 1,000 ಲೀಟರ್ ಹಾಲಿಗೆ ಎಷ್ಟು ಟನ್?

ಏಸಿಗೆ ಒಂದೂವರೆ ಟನ್ ಅಂತಾರಲ್ಲ, ಅದು ಯಂತ್ರದ ತೂಕ ಅಲ್ಲ. ಹಿಂದೆ ಮಂಜುಗಡ್ಡೆಯಿಂದಲೇ ತಂಪು ಮಾಡುತ್ತಿದ್ದ ಕಾಲದಲ್ಲಿ ಹುಟ್ಟಿದ ಅಳತೆ. ಒಂದು ಅಮೆರಿಕನ್ ಟನ್, ಅಂದರೆ 907 ಕಿಲೋ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುತ್ತಾ ಎಷ್ಟು ಶಾಖ ಹೀರುತ್ತದೋ ಅಷ್ಟು. ಒಂದು ಕಿಲೋ ಮಂಜುಗಡ್ಡೆ ಕರಗಲು 80 ಕಿಲೋಕ್ಯಾಲರಿ ಬೇಕು. 907 × 80 ÷ 24 ಮಾಡಿದರೆ ಗಂಟೆಗೆ ಸುಮಾರು 3,024 ಕಿಲೋಕ್ಯಾಲರಿ. ಇದೇ ಒಂದು ಟನ್. ವಿದ್ಯುತ್ ಅಳತೆಯಲ್ಲಿ ಹೇಳಿದರೆ ಸುಮಾರು 3.5 ಕಿಲೋವಾಟ್ ಶಾಖ.

ಒಂದು ಲೀಟರ್ ಹಾಲನ್ನು ಒಂದು ಡಿಗ್ರಿ ಇಳಿಸಲು ಹತ್ತಿರ ಹತ್ತಿರ ಒಂದು ಕಿಲೋಕ್ಯಾಲರಿ ತೆಗೆಯಬೇಕು. 35ರಿಂದ 4ಕ್ಕೆ ಇಳಿಸಲು 31 ಡಿಗ್ರಿ. 1,000 ಲೀಟರಿಗೆ 31,000 ಕಿಲೋಕ್ಯಾಲರಿ. ಮೂರು ಗಂಟೆಯಲ್ಲಿ ಮುಗಿಸಬೇಕು ಅಂದರೆ ಗಂಟೆಗೆ ಸುಮಾರು 10,300. ಅದನ್ನು 3,024ರಿಂದ ಭಾಗಿಸಿದರೆ ಸುಮಾರು 3.4 ಟನ್. ಗೋಡೆಯಿಂದ ನುಗ್ಗುವ ಶಾಖ, ಕಲಕುವ ಮೋಟಾರಿನ ಶಾಖ ಸೇರಿಸಿದರೆ ಇನ್ನೂ ಸ್ವಲ್ಪ ಹೆಚ್ಚು.

ಈ ಲೆಕ್ಕ ಬಂದವರಿಗೆ ಒಂದು ವಿಷಯ ಹೊಳೆಯುತ್ತದೆ. ಟ್ಯಾಂಕು ತಣ್ಣಗಾಗಲು ಐದು ಗಂಟೆ ತಗೊಳ್ತಿದೆ ಅಂತ ಸಂಘದವರು ದೂರಿದಾಗ, ಮೊದಲು ಕೇಳಬೇಕಾದ್ದು ಈಗ ಎಷ್ಟು ಲೀಟರ್ ಬರುತ್ತಿದೆ ಅಂತ. ಹಾಲು ಹೆಚ್ಚಾಗಿದ್ದರೆ ಯಂತ್ರದಲ್ಲಿ ದೋಷವೇ ಇಲ್ಲದಿರಬಹುದು. ಲೆಕ್ಕ ಬಾರದವರು ಅಲ್ಲಿ ಬಿಚ್ಚಬಾರದ್ದನ್ನು ಬಿಚ್ಚುತ್ತಾರೆ.

ಎರಡನೇ ಪಾಠ: ಕರೆಂಟು

ಯಂತ್ರ ನಿಂತಿದೆ ಅಂತ ಕರೆ ಬಂದರೆ ಕಾರಣ ಹೆಚ್ಚಾಗಿ ಕರೆಂಟಿನ ಕಡೆಯೇ ಇರುತ್ತದೆ: ಫೇಸ್ ಹೋಗಿರುವುದು, ವೋಲ್ಟೇಜ್ ಇಳಿದಿರುವುದು, ಕಾಂಟ್ಯಾಕ್ಟರ್ ಸುಟ್ಟಿರುವುದು, ಕೆಪಾಸಿಟರ್ ಸತ್ತಿರುವುದು, ಓವರ್‌ಲೋಡ್ ಬಿದ್ದಿರುವುದು, ಥರ್ಮೋಸ್ಟಾಟ್ ಕೆಟ್ಟಿರುವುದು. ಪಂಪ್‌ಸೆಟ್ ಇಟ್ಟುಕೊಂಡ ರೈತರ ಮಕ್ಕಳಿಗೆ ಇದರಲ್ಲಿ ಅರ್ಧ ಆಗಲೇ ಗೊತ್ತು. ಮೂರು ಫೇಸಿನಲ್ಲಿ ಒಂದು ಹೋದರೆ ಮೋಟಾರು ಗುಂಯ್‌ಗುಟ್ಟಿ ಸುಡುತ್ತದೆ ಅನ್ನೋದು ಬಾವಿಯ ಹತ್ತಿರವೇ ಕಲಿತ ಪಾಠ. ಬಿಎಂಸಿಯ ಮೂರು ಫೇಸ್ ಕಂಪ್ರೆಸರಿಗೂ ಅದೇ ಅಪಾಯ, ಅದಕ್ಕೂ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಬೇಕೇ ಬೇಕು.

ಮೀಟರ್ ಹಿಡಿಯುವ ಮೊದಲ ಅಭ್ಯಾಸ ಮನೆಯ ಫ್ರಿಜ್ಜಿನ ಕಂಪ್ರೆಸರ್ ಮೇಲೆ ಆಗಲಿ. ಪ್ಲಗ್ ಕಿತ್ತು ಪಕ್ಕಕ್ಕಿಟ್ಟು, ರಿಲೇ ಬಿಚ್ಚಿ. ಮೂರು ಪಿನ್ ಕಾಣುತ್ತವೆ: ಕಾಮನ್, ಸ್ಟಾರ್ಟ್, ರನ್. ಎರಡೆರಡು ಪಿನ್ನಿನ ನಡುವೆ ಓಮ್ ಅಳೆಯಿರಿ. ಉದಾಹರಣೆಗೆ 4, 12, 16 ಬಂತು ಅಂತಿಟ್ಟುಕೊಳ್ಳಿ. ಅತಿ ಹೆಚ್ಚು ಓದು, ಅಂದರೆ 16, ಯಾವ ಎರಡು ಪಿನ್ ನಡುವೆ ಬಂತೋ ಅವು ಸ್ಟಾರ್ಟ್ ಮತ್ತು ರನ್. ಉಳಿದದ್ದು ಕಾಮನ್. ಕಾಮನ್‌ನಿಂದ ಹೆಚ್ಚು ಓಮ್ ತೋರಿಸುವುದು ಸ್ಟಾರ್ಟ್, ಕಡಿಮೆ ತೋರಿಸುವುದು ರನ್. 4 ಮತ್ತು 12 ಸೇರಿದರೆ 16 ಆಗುತ್ತದೆ ನೋಡಿ, ಲೆಕ್ಕ ತಾಳೆಯಾದರೆ ಸುತ್ತು ಸರಿ ಇದೆ ಅಂತರ್ಥ. ಯಾವ ಪಿನ್ನಿನಿಂದಲೂ ಕಂಪ್ರೆಸರಿನ ಕಬ್ಬಿಣದ ಮೈಗೆ ಓದು ಬರಬಾರದು. ಬಂದರೆ ಒಳಗಿನ ಸುತ್ತು ಮೈಗೆ ತಾಗಿದೆ, ಆ ಕಂಪ್ರೆಸರಿಗೆ ಕರೆಂಟ್ ಕೊಡಬೇಡಿ. ಮೂರು ಫೇಸ್ ಕಂಪ್ರೆಸರಿನಲ್ಲಾದರೆ ಮೂರು ಓದೂ ಸರಿಸಮ ಇರಬೇಕು.

ಇನ್ನೊಂದು ಅಭ್ಯಾಸ: ಕರೆಂಟ್ ಹೋಗಿ ಬಂದ ಕೂಡಲೇ ಕಂಪ್ರೆಸರ್ ಚಾಲೂ ಮಾಡಬಾರದು. ಒಳಗಿನ ಎರಡೂ ಕಡೆಯ ಒತ್ತಡ ಸಮವಾಗಲು ಮೂರು ನಿಮಿಷವಾದರೂ ಬಿಡಬೇಕು. ಟೈಮರ್ ಇಲ್ಲದ ಹಳೆ ಯಂತ್ರಕ್ಕೆ ಒಂದು ಟೈಮರ್ ಹಾಕಿಕೊಟ್ಟರೆ ಅದೇ ದೊಡ್ಡ ಉಪಕಾರ.

ಮೂರನೇ ಪಾಠ: ಕೊಳವೆ ಮತ್ತು ಬೆಸುಗೆ

ಈ ಪಾಠ ಪುಸ್ತಕದಿಂದ ಬರುವುದಿಲ್ಲ. ತಾಮ್ರದ ಕೊಳವೆಯನ್ನು ನೇರವಾಗಿ ಕತ್ತರಿಸುವುದು, ಒಳಗಿನ ಚೂರು ತೆಗೆಯುವುದು, ಬಾಯಿ ಅಗಲಿಸಿ ಫ್ಲೇರ್ ಮಾಡುವುದು, ಒಂದು ಕೊಳವೆಯೊಳಗೆ ಇನ್ನೊಂದು ಕೂರುವಂತೆ ಸ್ವೇಜ್ ಮಾಡುವುದು, ಮಡಚು ಬೀಳದಂತೆ ಬಗ್ಗಿಸುವುದು. ಆಮೇಲೆ ಬ್ರೇಜಿಂಗ್. ತಾಮ್ರಕ್ಕೆ ತಾಮ್ರ ಜೋಡಿಸುವ ಕಡ್ಡಿ ಬೇರೆ. ತಾಮ್ರಕ್ಕೆ ಕಬ್ಬಿಣ ಜೋಡಿಸುವಾಗ ಬೆಳ್ಳಿ ಅಂಶದ ಕಡ್ಡಿ, ಫ್ಲಕ್ಸ್ ಬೇಕು. ಕಾಯಿಸುವಾಗ ಕೊಳವೆಯೊಳಗೆ ಮೆಲ್ಲಗೆ ನೈಟ್ರೋಜನ್ ಹರಿಯುತ್ತಿರಬೇಕು. ಇಲ್ಲದಿದ್ದರೆ ಒಳಮೈ ಕಪ್ಪಗಾಗಿ, ಆ ಸಿಪ್ಪೆ ಉದುರಿ, ಮುಂದೊಂದು ದಿನ ಕ್ಯಾಪಿಲರಿಯ ಬಾಯಿ ಮುಚ್ಚುತ್ತದೆ. ನೂರು ಬೆಸುಗೆ ಹಾಕಿ ನೂರನ್ನೂ ಸೋಪು ನೀರಿನಲ್ಲಿ ಪರೀಕ್ಷಿಸಿದ ಮೇಲೆ ಕೈ ಕೂರುತ್ತದೆ.

ಕೊನೆಯ ಪಾಠ: ಗ್ಯಾಸ್

"ಗ್ಯಾಸ್ ಖಾಲಿಯಾಗಿದೆ, ತುಂಬಿಸಬೇಕು." ಈ ಮಾತು ಕೇಳದ ಫ್ರಿಜ್ ಮಾಲೀಕರು ಯಾರೂ ಇಲ್ಲ. ಆದರೆ ಗ್ಯಾಸು ಬೈಕಿನ ಪೆಟ್ರೋಲಿನಂತೆ ಖರ್ಚಾಗುವ ವಸ್ತು ಅಲ್ಲ. ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸು ವರ್ಷಾನುಗಟ್ಟಲೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ತೂತಾಗಿದೆ. ತೂತು ಮುಚ್ಚದೆ ಗ್ಯಾಸ್ ತುಂಬಿಸುವುದು, ತಳ ಒಡೆದ ಕೊಡಕ್ಕೆ ನೀರು ಹೊಯ್ದಂತೆ.

ಸರಿಯಾದ ಕ್ರಮ ಹೀಗೆ: ಸೋರುವ ಜಾಗ ಹುಡುಕಬೇಕು, ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಹಿಂದಕ್ಕೆ ಎಳೆದುಕೊಳ್ಳಬೇಕು, ಬೆಸುಗೆ ಹಾಕಬೇಕು, ಒಣ ನೈಟ್ರೋಜನ್ ತುಂಬಿ ಒತ್ತಡ ಇಳಿಯುತ್ತದೆಯೇ ನೋಡಬೇಕು, ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ, ತೇವ ಎಲ್ಲ ಎಳೆಯಬೇಕು. 500 ಮೈಕ್ರಾನಿಗಿಂತ ಕೆಳಗಿಳಿದು ಅಲ್ಲೇ ನಿಂತರೆ ಸರಿ. ಆಮೇಲೆ ಯಂತ್ರದ ಹೆಸರುಪಟ್ಟಿಯಲ್ಲಿ ಬರೆದಷ್ಟೇ ಗ್ರಾಂ, ತೂಕದ ಯಂತ್ರದ ಮೇಲೆ ಅಳೆದು ತುಂಬಬೇಕು. ಆರ್-600ಎ ಇರುವ ಮನೆಯ ಸಣ್ಣ ಫ್ರಿಜ್ಜಿಗೆ ಬೇಕಾದ್ದು ಕೆಲವು ಹತ್ತು ಗ್ರಾಂ ಅಷ್ಟೇ, ಕಣ್ಣಂದಾಜು ಅಲ್ಲಿ ನಡೆಯುವುದಿಲ್ಲ. ವ್ಯಾಕ್ಯೂಮ್ ಬಿಟ್ಟರೆ ಉಳಿದ ತೇವ ಕ್ಯಾಪಿಲರಿಯಲ್ಲಿ ಹೆಪ್ಪುಗಟ್ಟುತ್ತದೆ, ಎಣ್ಣೆಯ ಜೊತೆ ಸೇರಿ ಆಮ್ಲವಾಗಿ ಕಂಪ್ರೆಸರಿನ ಸುತ್ತನ್ನೇ ತಿನ್ನುತ್ತದೆ.

ಗಾಳಿಗೆ ಬಿಡಬಾರದು ಅನ್ನೋದಕ್ಕೆ ಕಾರಣ ಇದೆ. ಓಝೋನ್ ಪದರವನ್ನು ಉಳಿಸಲು 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದದಂತೆ ಆರ್-12 ಹೋಯಿತು, ಆರ್-22 ಕೂಡ 2030ರ ಹೊತ್ತಿಗೆ ಹೋಗಬೇಕಿದೆ. ಹಲವು ಬಿಎಂಸಿಗಳಲ್ಲಿರುವ ಆರ್-404ಎ ಓಝೋನಿಗೆ ಹಾನಿ ಮಾಡದು, ಆದರೆ ಭೂಮಿಯ ಬಿಸಿ ಏರಿಸುವುದರಲ್ಲಿ ಒಂದು ಕಿಲೋ ಆರ್-404ಎ ಸುಮಾರು 3,900 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಇಂಥವನ್ನು ಹಂತಹಂತವಾಗಿ ಇಳಿಸುವ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಒಪ್ಪಿಕೊಂಡಿದೆ. ಹೀಗಾಗಿ ಗ್ಯಾಸುಗಳು ಬದಲಾಗುತ್ತಲೇ ಇರುತ್ತವೆ. ಒಂದು ಗ್ಯಾಸಿನ ಹೆಸರನ್ನು ಬಾಯಿಪಾಠ ಮಾಡಿದವರು ಹಿಂದೆ ಬೀಳುತ್ತಾರೆ. ಒತ್ತಡ ಮತ್ತು ಕುದಿಬಿಂದುವಿನ ಸಂಬಂಧ ತಿಳಿದವರು ಯಾವ ಗ್ಯಾಸ್ ಬಂದರೂ ಕೆಲಸ ಮಾಡುತ್ತಾರೆ. ಗ್ಯಾಸನ್ನು ಕೊನೆಯ ಪಾಠವಾಗಿ ಇಟ್ಟಿದ್ದು ಅದಕ್ಕೇ.

ಜೀವ ಉಳಿಸುವ ಆರು ನಿಯಮ

1. ಒತ್ತಡ ಪರೀಕ್ಷೆಗೆ ಆಮ್ಲಜನಕದ ಸಿಲಿಂಡರ್ ಎಂದೂ ಬೇಡ. ಕಂಪ್ರೆಸರಿನ ಎಣ್ಣೆ ಮತ್ತು ಒತ್ತಡದ ಆಮ್ಲಜನಕ ಸೇರಿದರೆ ಸ್ಫೋಟವಾಗುತ್ತದೆ. ಒಣ ನೈಟ್ರೋಜನ್ ಮಾತ್ರ, ಅದೂ ರೆಗ್ಯುಲೇಟರ್ ಹಾಕಿಯೇ.
2. ಮೇನ್ ಆಫ್ ಮಾಡಿದರೆ ಸಾಲದು. ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ, ಬೇರೆಯವರು ಆನ್ ಮಾಡದಂತೆ. ಕೆಪಾಸಿಟರ್ ಮುಟ್ಟುವ ಮೊದಲು ರೆಸಿಸ್ಟರ್ ಇಟ್ಟು ಅದರೊಳಗಿನ ಕರೆಂಟು ಇಳಿಸಿ.
3. ಒಳಗೆ ಗ್ಯಾಸ್ ಇರುವಾಗ ಬೆಂಕಿ ಹಚ್ಚಬೇಡಿ. ಆರ್-600ಎ, ಆರ್-290 ಅಡುಗೆ ಗ್ಯಾಸಿನ ಜಾತಿಯವೇ, ಹೊತ್ತಿಕೊಳ್ಳುತ್ತವೆ. ಆರ್-32 ಕೂಡ ಉರಿಯಬಲ್ಲದು. ಆರ್-22 ಬೆಂಕಿಗೆ ಸಿಕ್ಕರೆ ವಿಷದ ಹೊಗೆಯಾಗುತ್ತದೆ.
4. ದ್ರವ ಗ್ಯಾಸ್ ಚರ್ಮಕ್ಕೆ ತಾಗಿದರೆ ಸುಟ್ಟಂತೆ ಹೆಪ್ಪುಗಾಯವಾಗುತ್ತದೆ, ಕಣ್ಣಿಗೆ ತಾಗಿದರೆ ದೃಷ್ಟಿಯೇ ಹೋಗಬಹುದು. ಕನ್ನಡಕ, ಕೈಗವಸು ಕಡ್ಡಾಯ.
5. ದೊಡ್ಡ ಕೋಲ್ಡ್ ಸ್ಟೋರೇಜು, ಐಸ್ ಪ್ಲಾಂಟುಗಳಲ್ಲಿ ಅಮೋನಿಯಾ ಇರುತ್ತದೆ. ಅದು ತಾಮ್ರವನ್ನು ತಿನ್ನುವುದರಿಂದ ಅಲ್ಲಿ ಉಕ್ಕಿನ ಕೊಳವೆ. ಘಾಟು ಬಂದ ಕೂಡಲೇ ಗಾಳಿ ಬರುವ ದಿಕ್ಕಿಗೆ ಓಡಿ, ಆಮೇಲೆ ಬೇರೆ ಮಾತು. ಕಣ್ಣಿಗೆ, ಮೈಗೆ ತಾಗಿದ್ದರೆ ಹದಿನೈದು ನಿಮಿಷಕ್ಕೆ ಕಡಿಮೆ ಇಲ್ಲದಂತೆ ನೀರು ಹೊಯ್ಯುತ್ತಲೇ ಆಸ್ಪತ್ರೆಗೆ ಹೋಗುವ ವ್ಯವಸ್ಥೆ ಮಾಡಿ. ಹೊಸಬರು ಅಮೋನಿಯಾ ಪ್ಲಾಂಟಿನಲ್ಲಿ ಒಬ್ಬರೇ ಕೆಲಸ ಮಾಡಲೇಬಾರದು.
6. ತಣ್ಣನೆಯ ಕೋಣೆಯೊಳಗೆ ಹೋಗುವ ಮೊದಲು ಬಾಗಿಲು ಒಳಗಿನಿಂದ ತೆರೆಯುತ್ತದೆಯೇ ನೋಡಿ, ಹೊರಗೆ ಒಬ್ಬರಿಗೆ ಹೇಳಿ ಹೋಗಿ.

ಎಲ್ಲಿ ಕಲಿಯಬಹುದು?

ಪೂರ್ತಿ ದಾರಿ ಐಟಿಐ. ಈ ಟ್ರೇಡಿನ ಈಗಿನ ಹೆಸರು ರೆಫ್ರಿಜರೇಷನ್ ಅಂಡ್ ಏರ್ ಕಂಡೀಷನಿಂಗ್ ಟೆಕ್ನಿಷಿಯನ್. ಹಳಬರು ಮೆಕ್ಯಾನಿಕ್ ಆರ್‌ಎಸಿ ಅಂತಾರೆ. ಎರಡು ವರ್ಷದ ಕೋರ್ಸು. ಗಣಿತ, ವಿಜ್ಞಾನದೊಂದಿಗೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, 14 ವರ್ಷ ತುಂಬಿರಬೇಕು. ಮುಗಿಸಿದವರಿಗೆ ರಾಷ್ಟ್ರೀಯ ಟ್ರೇಡ್ ಪ್ರಮಾಣಪತ್ರ ಸಿಗುತ್ತದೆ. ಎಲ್ಲ ಐಟಿಐಗಳಲ್ಲೂ ಈ ಟ್ರೇಡ್ ಇಲ್ಲ, ಅರ್ಜಿ ಹಾಕುವ ಮೊದಲು ವಿಚಾರಿಸಿ. ಆಮೇಲೆ ಕಾರ್ಖಾನೆಯಲ್ಲೋ ಡೇರಿಯಲ್ಲೋ ಅಪ್ರೆಂಟಿಸ್ ಆಗಿ ಸೇರಿದರೆ ತಿಂಗಳ ಭತ್ಯೆಯ ಜೊತೆ ಕಲಿಕೆ, ಕೊನೆಗೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ. ಇನ್ನೂ ಓದುವ ಮನಸ್ಸಿದ್ದರೆ ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶದ ಅವಕಾಶ ಇದೆ. ಯಾವ ಶಾಖೆಗೆ ಅನ್ನೋದನ್ನು ಆಯಾ ವರ್ಷದ ಅಧಿಸೂಚನೆಯಲ್ಲಿ ನೋಡಿಕೊಳ್ಳಬೇಕು.

ಚಿಕ್ಕ ದಾರಿ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳು. ಇವುಗಳಿಗೆ ಮಾದರಿಯಾದ ರುಡ್‌ಸೆಟ್ 1982ರಲ್ಲಿ ನಮ್ಮ ಉಜಿರೆಯಲ್ಲೇ ಶುರುವಾದದ್ದು. ಈಗ ಲೀಡ್ ಬ್ಯಾಂಕುಗಳು ಜಿಲ್ಲೆಗಳಲ್ಲಿ ಇಂಥ ಕೇಂದ್ರಗಳನ್ನು ನಡೆಸುತ್ತಿವೆ. 18 ವರ್ಷ ದಾಟಿದ ಗ್ರಾಮೀಣ ಯುವಕ ಯುವತಿಯರಿಗೆ ತರಬೇತಿ, ಊಟ, ವಸತಿ ಉಚಿತ. ಅವುಗಳ ಕೋರ್ಸುಗಳಲ್ಲಿ ಫ್ರಿಜ್-ಏಸಿ ದುರಸ್ತಿಯ ಸುಮಾರು ಒಂದು ತಿಂಗಳ ತರಬೇತಿಯೂ ಒಂದು. ನಿಮ್ಮ ಜಿಲ್ಲೆಯಲ್ಲಿ ಮುಂದಿನ ತಂಡ ಯಾವಾಗ ಅಂತ ಕೇಳಿ. ಒಂದು ತಿಂಗಳಿಗೆ ಪೂರ್ತಿ ಮೆಕ್ಯಾನಿಕ್ ಆಗುವುದಿಲ್ಲ, ಆದರೆ ಅನುಭವಿಯ ಹತ್ತಿರ ಸಹಾಯಕರಾಗಿ ಸೇರುವಷ್ಟು ಆಗುತ್ತದೆ.

ಈಗಾಗಲೇ ಯಾರದೋ ಕೈಕೆಳಗೆ ಕೆಲಸ ಕಲಿತವರೂ ಇದ್ದಾರೆ. ಕೌಶಲ ಯೋಜನೆಗಳಲ್ಲಿ ಹಿಂದಿನ ಕಲಿಕೆಯನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಇದೆ. ಕೆಲಸ ಬಂದರೂ ಕಾಗದ ಇಲ್ಲ ಅಂತ ಹಿಂದೆ ಉಳಿದವರು ಇದನ್ನು ಬಳಸಿಕೊಳ್ಳಬೇಕು.

ಹಣ ಕಟ್ಟುವ ಮೊದಲು ಯಾವುದೇ ಸಂಸ್ಥೆಯ ವರ್ಕ್‌ಶಾಪ್ ಒಳಗೆ ಹೋಗಿ ಇಷ್ಟು ನೋಡಿ: ಓಡುತ್ತಿರುವ ಯಂತ್ರಗಳಿವೆಯೇ, ಅಥವಾ ಗೋಡೆಯ ಮೇಲೆ ಚಿತ್ರ ಮಾತ್ರವೇ? ನೈಟ್ರೋಜನ್ ಸಿಲಿಂಡರ್, ವ್ಯಾಕ್ಯೂಮ್ ಪಂಪ್, ತೂಕದ ಯಂತ್ರ ಇವೆಯೇ? ಒಬ್ಬೊಬ್ಬ ವಿದ್ಯಾರ್ಥಿ ಎಷ್ಟು ಬೆಸುಗೆ ಹಾಕುತ್ತಾನೆ? ಟ್ರೇಡಿಗೆ ಸರಕಾರಿ ಮಾನ್ಯತೆ ಇದೆಯೇ? ತಂದೆ-ತಾಯಿಯೇ ಹೋಗಿ ಕೇಳಿ, ಸಂಕೋಚ ಬೇಡ. ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗಿ. ಮೀಟರ್ ಓದುವುದಕ್ಕೆ, ಬೆಸುಗೆಗೆ, ಕಂಟ್ರೋಲ್ ಬೋರ್ಡಿನ ಕೆಲಸಕ್ಕೆ ಬೇಕಾದ್ದು ತೋಳಿನ ಬಲವಲ್ಲ, ಗಮನ.

ಬಿಸಿಯ ಕಡೆಯೂ ಕೆಲಸ ಇದೆ

ಕಂಡೆನ್ಸರ್ ಚೆಲ್ಲುವ ಶಾಖ ದಂಡವಾಗಬೇಕಿಲ್ಲ. ಆ ಶಾಖದಿಂದ ನೀರು ಕಾಯಿಸಿ ಅದೇ ಹಾಲಿನ ಟ್ಯಾಂಕು, ಕ್ಯಾನು ತೊಳೆಯಲು ಬಳಸುವ ಉಪಕರಣಗಳಿವೆ. ಇದೇ ಚಕ್ರವನ್ನು ಬಿಸಿಗಾಗಿ ಬಳಸಿದರೆ ಅದಕ್ಕೆ ಹೀಟ್ ಪಂಪ್ ಅನ್ನುತ್ತಾರೆ. ಹಣ್ಣು, ತರಕಾರಿ ಒಣಗಿಸುವ ಹೀಟ್ ಪಂಪ್ ಡ್ರೈಯರುಗಳಲ್ಲಿ ಇರುವುದೂ ಅದೇ ನಾಲ್ಕು ಭಾಗಗಳು. ಒಂದು ಕಲಿತವರಿಗೆ ಇನ್ನೊಂದು ಹೊಸದಲ್ಲ.

ರೈತರಿಗೆ ಒಂದು ಮಾತು

ಮೆಕ್ಯಾನಿಕ್ ಗ್ಯಾಸ್ ಕಡಿಮೆ ಅಂದಾಗ ಮೂರು ಪ್ರಶ್ನೆ ಕೇಳಿ. ಎಲ್ಲಿ ಸೋರುತ್ತಿದೆ, ತೋರಿಸ್ತೀರಾ? ವ್ಯಾಕ್ಯೂಮ್ ಮಾಡ್ತೀರಾ? ಎಷ್ಟು ಗ್ರಾಂ ಹಾಕಿದ್ರಿ? ಸರಿಯಾಗಿ ಕಲಿತವರು ಸಿಟ್ಟಾಗುವುದಿಲ್ಲ, ಖುಷಿಯಿಂದ ತೋರಿಸುತ್ತಾರೆ. ಅಂಥವರಿಗೆ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.

ಅಭ್ಯಾಸ

1. ಒಂದು ಕಂಪ್ರೆಸರಿನ ಪಿನ್ನುಗಳಿಗೆ ಅ, ಆ, ಇ ಎಂದು ಹೆಸರಿಟ್ಟಿದೆ. ಅ-ಆ ನಡುವೆ 11 ಓಮ್, ಆ-ಇ ನಡುವೆ 8, ಅ-ಇ ನಡುವೆ 3. ಕಾಮನ್ ಯಾವುದು?
2. 500 ಲೀಟರ್ ಹಾಲನ್ನು 34ರಿಂದ 4 ಡಿಗ್ರಿಗೆ ಎರಡೂವರೆ ಗಂಟೆಯಲ್ಲಿ ಇಳಿಸಲು ಸುಮಾರು ಎಷ್ಟು ಟನ್ ಬೇಕು?
3. ಬಿಎಂಸಿಯ ಕಂಪ್ರೆಸರ್ ಓಡುತ್ತಿದೆ, ಹಾಲು ತಣ್ಣಗಾಗುತ್ತಿಲ್ಲ. ಗೇಜ್ ಹಾಕುವ ಮೊದಲು ಏನೇನು ನೋಡುತ್ತೀರಿ?

ಉತ್ತರ: ಮೊದಲನೆಯದಕ್ಕೆ ಇ ಕಾಮನ್, ಆ ಸ್ಟಾರ್ಟ್, ಅ ರನ್. ಎರಡನೆಯದಕ್ಕೆ 500 × 30 = 15,000; ಗಂಟೆಗೆ 6,000; ಸುಮಾರು 2 ಟನ್. ಮೂರನೆಯದಕ್ಕೆ: ಬಂದ ಹಾಲೆಷ್ಟು, ಕಲಕುವ ಮೋಟಾರ್ ತಿರುಗುತ್ತಿದೆಯೇ, ಕಂಡೆನ್ಸರ್ ಫ್ಯಾನ್ ಸರಿಯಾದ ದಿಕ್ಕಿಗೆ ತಿರುಗುತ್ತಿದೆಯೇ, ಜಾಲರಿಯಲ್ಲಿ ಧೂಳಿದೆಯೇ, ವೋಲ್ಟೇಜ್ ಎಷ್ಟಿದೆ, ಕಂಪ್ರೆಸರ್ ಎಳೆಯುವ ಆಂಪಿಯರ್ ಹೆಸರುಪಟ್ಟಿಗೆ ಹೊಂದುತ್ತದೆಯೇ.

ಮೂರಕ್ಕೂ ಉತ್ತರ ಸರಿ ಬರೆದ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ, ಸಂಘದ ಕಾರ್ಯದರ್ಶಿಯವರನ್ನು ಕೇಳಿ ಒಂದು ಸಂಜೆ ಬಿಎಂಸಿ ಕೋಣೆಗೆ ಕಳಿಸಿ. ಏನನ್ನೂ ಮುಟ್ಟದೆ, ನಾಲ್ಕು ಭಾಗಗಳನ್ನು ಗುರುತಿಸಿ ಬರಲಿ. ಮನೆಗೆ ಬಂದ ಮೇಲೆ ಹಾಲಿನ ಶಾಖ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ನಿಮಗೆ ವಿವರಿಸಲಿ. ನಿಮಗೆ ಅರ್ಥವಾದರೆ ಐಟಿಐ ಅರ್ಜಿ ತರಬಹುದು.